ಅಕ್ಕನ ಕರಡಿಗೆ ಲಿಸ್ಬನ್‌ಗೆ ಹೋದದ್ದು

ಪೋರ್ಚುಗಲ್‌ಗೆ ಹೋಗುವವರು ಈಚೆಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಚಾಮರಾಜನಗರದಲ್ಲಿ ಅಂಥವರು ಯಾರಿದ್ದಾರು ಎಂದು ನಗಬೇಡಿ, ಇದ್ದಾರೆ. ಮಕ್ಕಳ ಮದುವೆ ಮುಗಿಸಿದವರು, ಕಾಶಿ ಕೇದಾರ ಆಯಿತು, ಸಿಂಗಾಪುರವೂ ಆಯಿತು, ಇನ್ನೇನು ಎನ್ನುವವರು. ಅವರಿಗೆ ಕಾಫಿ ಕೊಟ್ಟು, ನಾನು ಮಾತ್ರ ನಿಂತುಕೊಂಡೇ ಗಡಗಡ ಹೇಳಿ ಮುಗಿಸುತ್ತೇನೆ. ಕೂತು ಮಾತಾಡುವ ಅಭ್ಯಾಸ ನನಗಿಲ್ಲ. ಹರವೆ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದವಳು ನಾನು. ರಿಟೈರಾದ ಮೇಲೆ ಈ ಚಡಪಡಿಕೆ ಇಳಿಯುತ್ತದೆ ಅಂದುಕೊಂಡಿದ್ದೆ, ಇಳಿಯಲಿಲ್ಲ.

ಹೋದ ವಾರ ಅರಿಸಿನದ ವ್ಯಾಪಾರದ ಗಂಡ ಹೆಂಡತಿ ಬಂದಿದ್ದರು. ಎಂದಿನಂತೆ ಹೇಳಿದೆ. ವೀಸಾಕ್ಕೆ ಬೆಂಗಳೂರಿಗೆ ಹೋಗಿ ನೀವೇ ಬೆರಳು ಒತ್ತಬೇಕು, ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. ಆಗಸ್ಟ್ ಬೇಡ, ಬಿಸಿಲೂ ಜಾಸ್ತಿ ಜನವೂ ಜಾಸ್ತಿ. ತುಪ್ಪದ ಡಬ್ಬಿ ಕಟ್ಟಿಕೊಳ್ಳಬೇಡಿ, ಹಾಲಿನ ಪದಾರ್ಥವನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ಚಟ್ನಿಪುಡಿ, ಹುರಿಹಿಟ್ಟು ತೊಂದರೆಯಿಲ್ಲ. ಲಿಸ್ಬನ್ ಎಂದರೆ ಬರೀ ಏರು ಇಳಿಜಾರು, ರಸ್ತೆಗೆ ಹಾಸಿದ ಬಿಳಿ ಕಲ್ಲು ಸವೆದು ನುಣ್ಣಗಾಗಿದೆ, ಚಪ್ಪಲಿ ಹಾಕಿದರೆ ಜಾರಿ ಬೀಳುತ್ತೀರಿ, ಹಿಡಿತ ಇರುವ ಶೂ ಕೊಳ್ಳಿ. ಗಂಡ ತಲೆಯಾಡಿಸುತ್ತ ಎಲ್ಲ ಕೇಳಿಕೊಂಡರು. ಹೊರಡುವಾಗ ಹೆಂಡತಿ ಗೇಟಿನ ಹತ್ತಿರ ಹಿಂದೆ ನಿಂತು, ಸೆರಗಿನ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಕೇಳಿದರು.

"ಮೇಡಂ, ನಾವು ಲಿಂಗ ಕಟ್ಕಂಡಿರೋರು. ಏರ್‌ಪೋರ್ಟಲ್ಲಿ ತಗೀರಿ ಅಂದ್ರೆ ಏನ್ ಮಾಡದು?"

ನನ್ನ ಲಿಂಗ ದೇವರ ಮನೆಯಲ್ಲಿದೆ, ಶಿವರಾತ್ರಿಗೆ ತೆಗೆದು ಪೂಜೆ ಮಾಡಿ ಮತ್ತೆ ಇಡುತ್ತೇನೆ. ಆದರೆ ಪೋರ್ಚುಗಲ್‌ಗೆ ನನ್ನ ಜೊತೆ ಬಂದಿದ್ದವಳು ನಮ್ಮಕ್ಕ.

ಅಕ್ಕ ಗುಂಡ್ಲುಪೇಟೆಗೆ ಸೊಸೆಯಾಗಿ ಹೋದವಳು. ಅವಳ ಜಮೀನು ಬಂಡೀಪುರದ ರಸ್ತೆಗೇ ಅಂಟಿಕೊಂಡಿದೆ. ಸೂರ್ಯಕಾಂತಿ ಅರಳಿದಾಗ ಊಟಿಗೆ ಹೋಗುವವರು, ಕೇರಳಕ್ಕೆ ಹೋಗುವವರು ಕಾರು ನಿಲ್ಲಿಸಿ ಹೊಲಕ್ಕೆ ನುಗ್ಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅಕ್ಕ ಬದುವಿನ ಮೇಲೆ ಕುಂತು, ಗಿಡ ತುಳಿದವರನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬೈಯುತ್ತಾಳೆ. ಹೂವಿನ ವ್ಯಾಪಾರಕ್ಕೆ ಬರುವ ಕೇರಳದವರಿಂದ ಅವಳಿಗೆ ಆ ಭಾಷೆ ಬಂದಿದೆ. ಹೀಗೆ ಒಂದು ದಿನ ಪೋರ್ಚುಗಲ್‌ನ ಮುದುಕ ಮುದುಕಿ ಬಂದರಂತೆ. ಅವರು ಒಂದು ಗಿಡವನ್ನೂ ತುಳಿಯದೆ, ಬದುವಿನ ಮೇಲೇ ನಿಂತು, ತಮ್ಮೂರಿನ ಸೂರ್ಯಕಾಂತಿ ಹೊಲದ ಫೋಟೊವನ್ನು ಮೊಬೈಲಿನಲ್ಲಿ ಅಕ್ಕನಿಗೆ ತೋರಿಸಿದರಂತೆ. ಅಕ್ಕ ಮಜ್ಜಿಗೆ ಕೊಟ್ಟು ಕಳಿಸಿದಳು. ಆ ಸಂಜೆಯೇ ನನಗೆ ಫೋನು.

"ಅಲ್ಲೂ ಇದೇ ಊವ ಹಾಕ್ತಾರಂತೆ ಕಣಮ್ಮಿ. ಒಂದ್ಸಲ ನೋಡ್ಕ ಬರನ."

ಭಾವ ತೀರಿಕೊಂಡ ಮೇಲೆ ಅಕ್ಕ ತಾನಾಗಿ ಏನನ್ನೂ ಬೇಕು ಎಂದು ಕೇಳಿರಲಿಲ್ಲ. ನಾನು ಮಾರನೆಯ ದಿನವೇ ಪಾಸ್‌ಪೋರ್ಟಿನ ಕೆಲಸಕ್ಕೆ ಓಡಿದೆ. ಎಲ್ಲ ಕೂಡಿಬರಲು ಇನ್ನೊಂದು ಸೂರ್ಯಕಾಂತಿ ಕಾಲವೇ ಬಂತು. ಬೆಂಗಳೂರಿನಲ್ಲಿ ಅವಳ ಬೆರಳನ್ನು ಯಂತ್ರ ಹಿಡಿಯಲೇ ಇಲ್ಲ, ಕಳೆ ಕಿತ್ತು ಕಿತ್ತು ಗೆರೆಯೆಲ್ಲ ಸವೆದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಒತ್ತಿಸಿದರು. ಅದೆಲ್ಲ ಆದ ಮೇಲೆ, ಟಿಕೆಟ್ಟೂ ತೆಗೆದ ಮೇಲೆ ಅಕ್ಕ ಹೇಳಿದ್ದು ಒಂದೇ ಮಾತು: "ಲಿಂಗ ಮೈ ಬುಟ್ಟು ಇಳಿಸೋ ಅಂಗಿಲ್ಲ. ಅದೊಂದ ನೋಡ್ಕೊ."

ನೋಡಿಕೊಳ್ಳುವುದು ಹೇಗೆ? ಅಕ್ಕನದು ಹಳೇ ಕ್ರಮ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು ಪೂಜೆಯಾಗುವ ತನಕ ಕಾಫಿಯನ್ನೂ ಕುಡಿಯುವುದಿಲ್ಲ. ಲಿಂಗ ಮೈಯಿಂದ ದೂರಾಗಿಬಿಟ್ಟರೆ, ಮಠದ ಸ್ವಾಮಿಗಳ ಕೈಯಿಂದ ಮತ್ತೆ ಕಟ್ಟಿಸಿಕೊಳ್ಳುವವರೆಗೆ ಅನ್ನ ನೀರು ಮುಟ್ಟುವುದಿಲ್ಲ. ಮೇಲೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗಿ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈಕಾಲು ನಡುಗಿ ಬೆವರುತ್ತಾಳೆ. ಲಿಸ್ಬನ್‌ನಿಂದ ಗುಂಡ್ಲುಪೇಟೆಯವರೆಗೆ ಅವಳು ಉಪವಾಸ ಬಂದರೆ ಏನಾದೀತು? ಫೋನಿನಲ್ಲಿ ಯಾರ್ಯಾರನ್ನೋ ಕೇಳಿದೆ. ಒಬ್ಬರು ಏನೂ ಆಗಲ್ಲ ಎಂದರು, ಇನ್ನೊಬ್ಬರು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಎಂದರು. ಅಲ್ಲಿ ಏನು ಮಾಡುತ್ತಾರೆ ಎನ್ನುವುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಹೋಗುವಾಗ ಕಷ್ಟವಾಗಲಿಲ್ಲ. ಬೆಂಗಳೂರಿನಲ್ಲಿ ತಪಾಸಣೆಗೆ ನಿಂತ ಹೆಣ್ಣುಮಗಳು ಅಕ್ಕನ ಕೊರಳಿನ ಬೆಳ್ಳಿ ಕರಡಿಗೆಯನ್ನು ನೋಡಿ, ಅದರೊಳಗೆ ಲಿಂಗ ಇದೆ ಎಂದು ತಾನೇ ತಿಳಿದುಕೊಂಡು, ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಿಟ್ಟಳು. ವಿಮಾನ ಬದಲಿಸುವ ಅರಬ್ಬರ ಊರಿನಲ್ಲಿ ಪರದೆಯ ಹಿಂದೆ ಒಬ್ಬ ಕೇರಳದ ಹುಡುಗಿ ಇದ್ದಳು. ಅಕ್ಕ ಅವಳಿಗೆ "ದೈವಮಾಣ್ ಮೋಳೆ" ಎಂದಳು, ದೇವರು ಮಗಳೇ ಎಂದು. ಅವಳು ನಕ್ಕು, ಬೇರೆ ಯಂತ್ರವನ್ನು ಮೈಮೇಲೆ ಆಡಿಸಿ ಕಳಿಸಿದಳು. ಅಕ್ಕ ಏನೋ ಗೆದ್ದವಳಂತೆ ನನ್ನ ಕಡೆ ನೋಡಿದಳು. ನನಗೆ ಮಾತ್ರ ಲಿಸ್ಬನ್‌ನಿಂದ ಹಿಂದಿರುಗುವ ದಿನದ ತಪಾಸಣೆಯ ಗೇಟೇ ಕಣ್ಣ ಮುಂದೆ. ಅಲ್ಲಿ ಕನ್ನಡವೂ ನಡೆಯದು, ಮಲಯಾಳವೂ ನಡೆಯದು.

ಅಷ್ಟು ಚೆಂದದ ಊರನ್ನು ನಾನು ನೆಮ್ಮದಿಯಾಗಿ ನೋಡಲಿಲ್ಲ ಎನ್ನುವುದೇ ನನಗೆ ಈಗಲೂ ಸಂಕಟ. ಹಳದಿ ಟ್ರಾಮಿನಲ್ಲಿ ಕೂತಿದ್ದಾಗಲೂ ಮನಸ್ಸು ಏರ್‌ಪೋರ್ಟಿನಲ್ಲಿ. ಆ ಟ್ರಾಮಿನಲ್ಲಿ ಜೇಬುಗಳ್ಳರಿದ್ದಾರೆ, ಬ್ಯಾಗನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳಿ; ಇದನ್ನೂ ನಾನು ಎಲ್ಲರಿಗೂ ಹೇಳುತ್ತೇನೆ. ಸಮುದ್ರ ನೋಡಲು ಹೋದೆವು, ಕಾಲಿಟ್ಟರೆ ನೀರು ಮಂಜಿನಷ್ಟು ತಣ್ಣಗೆ. ಅಕ್ಕ ಕಾಲು ಎಳೆದುಕೊಂಡು, ಇವರ ಸಮುದ್ರಕ್ಕೆ ಬಿಸಿಲೇ ತಾಕಿಲ್ಲ ಎಂದಳು. ಗುಡ್ಡದ ಮೇಲೆ ಊರು ಕಾಣುವ ಕಟ್ಟೆಗಳಿವೆ, ಅಲ್ಲಿ ಅವಳು ಕುಂತರೆ ಏಳುತ್ತಿರಲಿಲ್ಲ. ನಾನು ಮುಂದಿನ ಜಾಗ, ಮುಂದಿನ ರೈಲು ಎಂದು ಎಬ್ಬಿಸುತ್ತಿದ್ದೆ.

"ಯಾಕಮ್ಮಿ ಇಂಗ್ ಓಡಾಡ್ತಿಯೆ? ರಾತ್ರಿ ಆಯ್ತು, ಬಂಡೀಪುರದ ಕಾಡ್ ಗೇಟ್ ಮುಚ್ಬುಡ್ತಾರೆ ಅನ್ನೋ ಅಂಗೆ."

ಬೆಳಿಗ್ಗೆ ಪೂಜೆಗೂ ನನ್ನದೇ ಅವಸರ. ನಾವು ಇಳಿದಿದ್ದ ಮನೆಯ ಒಡತಿ ಕಿಟಕಿಯ ಕುಂಡದಿಂದ ಕೆಂಪು ಹೂವು ಕಿತ್ತುಕೊಳ್ಳಲು ಅಕ್ಕನಿಗೆ ಅಪ್ಪಣೆ ಕೊಟ್ಟಿದ್ದಳು. ಅಕ್ಕ ವಿಭೂತಿ ಹಚ್ಚಿ, ಹೂವಿಟ್ಟು, ಅಂಗೈಯನ್ನೇ ನೋಡುತ್ತ ಕೂತರೆ ಹೊರಗೆ ಬಿಸಿಲು ಏರುತ್ತಿತ್ತು. ಸಂಜೆಯದು ಇನ್ನೊಂದು ಕಥೆ. ಜೂನ್ ತಿಂಗಳಲ್ಲಿ ಅಲ್ಲಿ ಒಂಬತ್ತಾದರೂ ಸೂರ್ಯ ಮುಳುಗುವುದಿಲ್ಲ, ಹೊತ್ತು ಮುಳುಗದೆ ಸಂಜೆ ಪೂಜೆ ಹೇಗೆ ಎಂದು ಅಕ್ಕ ಕಾಯುತ್ತ ಕೂರುವಳು. ಮಾತ್ರೆ ನುಂಗಿದ ಮೇಲೆ ಕಾಯಬಾರದು ಎಂದು ನಾನು ಜಗಳ ತೆಗೆದೆ. ಕೊನೆಗೆ ಗುಂಡ್ಲುಪೇಟೆಯಲ್ಲಿ ಎಷ್ಟು ಹೊತ್ತಿಗೆ ಮುಳುಗುತ್ತದೋ ಅಷ್ಟಕ್ಕೇ ಇಲ್ಲೂ ಮುಳುಗಿತು ಎಂದು ಇಬ್ಬರೂ ಒಪ್ಪಿಕೊಂಡೆವು.

ಊಟದ್ದೂ ಹೇಳಬೇಕು. ಹೋಟೆಲಿನಲ್ಲಿ ಕೂತ ಕೂಡಲೇ ಬ್ರೆಡ್ಡು, ಆಲಿವ್ ತಂದಿಡುತ್ತಾರೆ. ಕೇಳದೆ ಕೊಟ್ಟದ್ದು ಬಿಟ್ಟಿ ಅಂದುಕೊಳ್ಳಬೇಡಿ, ತಿಂದರೆ ಬಿಲ್ಲಿಗೆ ಹಾಕುತ್ತಾರೆ, ಬೇಡವಾದರೆ ವಾಪಸು ಕಳಿಸಿ. ಮೊದಲ ದಿನ ಹಸಿರು ಸಾರೊಂದು ಬಂತು. ಸಣ್ಣಗೆ ಹೆಚ್ಚಿದ ಸೊಪ್ಪು, ಅರೆದ ಆಲೂಗೆಡ್ಡೆ. ಅಕ್ಕನ ಮುಖ ಅರಳಿತು, ಥೇಟ್ ನಮ್ಮನೆ ಸೊಪ್ಪಿನ ಸಾರು ಎಂದು ಚಮಚ ಎತ್ತಿದಳು. ತಳದಲ್ಲಿ ಕೆಂಪಗೆ ದುಂಡಗಿನ ತುಂಡೊಂದು ಕಂಡಿತು. ನಾನು ಅವಳ ಕೈ ಹಿಡಿದುಕೊಂಡೆ, ಹಂದಿ ಮಾಂಸ ಅದು. ಅಂದಿನಿಂದ "ಸೇಂ ಕಾರ್ನ್" ಎಂದು ಕಲಿತೆವು, ಮಾಂಸ ಬೇಡ ಎಂದು. ಹಾಗೆಂದರೆ ಮೀನು ತರುತ್ತಾರೆ, ಮೀನೂ ಬೇಡ ಎಂದು ಬೇರೆ ಹೇಳಬೇಕು.

ಸೂರ್ಯಕಾಂತಿಗೆಂದು ತೆಂಕಣ ಬಯಲಿಗೆ ರೈಲಿನಲ್ಲಿ ಹೋದೆವು, ದಾರಿಯಲ್ಲಿ ರೈಲು ಬದಲಿಸಬೇಕು. ಬಯಲು ತುಂಬ ಹಳದಿ. ಅಕ್ಕ ರಸ್ತೆಯ ಅಂಚಿನಲ್ಲೇ ನಿಂತು ಬಗ್ಗಿ ಮಣ್ಣು ಮುಟ್ಟಿ ನೋಡಿದಳು, ಎಲೆ ತಿರುವಿ ನೋಡಿದಳು. ಗಿಡ ಕುಳ್ಳು, ಹೂವು ಪರವಾಗಿಲ್ಲ ಎಂದಳು. ಒಳಗೆ ಬಾ ಫೋಟೊ ತೆಗೆಯುತ್ತೇನೆ ಎಂದರೆ ಬರಲಿಲ್ಲ, ಬೆಳೆದವರು ಎಲ್ಲೋ ಕುಂತು ನೋಡುತ್ತಿರುತ್ತಾರೆ ಎಂದಳು. ನಗುನಗುತ್ತಲೇ ಇದ್ದಳು ಆ ದಿನವೆಲ್ಲ. ಇವಳಿಗೆ ಗೇಟಿನ ಯೋಚನೆಯೇ ಇಲ್ಲವಲ್ಲ, ಎಲ್ಲ ನನ್ನ ತಲೆಗೆ ಕಟ್ಟಿ ಆರಾಮಾಗಿದ್ದಾಳೆ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು.

ಹೊರಡುವ ದಿನ ಏರ್‌ಪೋರ್ಟಿಗೆ ಬೇಕಾದ್ದಕ್ಕಿಂತ ಎಷ್ಟೋ ಮೊದಲೇ ಎಳೆದುಕೊಂಡು ಹೋದೆ. ಸಾಲು ಮುಂದೆ ಹೋಯಿತು. ಕೈಗವಸು ಹಾಕಿಕೊಂಡ ಹುಡುಗಿಯೊಬ್ಬಳು ಅಕ್ಕನ ಕೊರಳಿನ ಕರಡಿಗೆಗೆ ಬೆರಳು ಮಾಡಿ, ಟ್ರೇ ತೋರಿಸಿದಳು. ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ: ಇದು ದೇವರು, ತೆಗೆಯುವ ಹಾಗಿಲ್ಲ, ಅವಳಿಗೆ ಸಕ್ಕರೆ ಕಾಯಿಲೆ. ಒಂದಕ್ಕೊಂದು ಸಂಬಂಧವಿಲ್ಲದಂತೆ ಬಡಬಡಿಸಿದೆ. ಹುಡುಗಿ ಒರಟಾಗಿರಲಿಲ್ಲ, ಪೂರ್ತಿ ಕೇಳಿಸಿಕೊಂಡಳು, ಕೇಳಿ ಮತ್ತೆ ಟ್ರೇ ತೋರಿಸಿದಳು. ಬೆಳ್ಳಿಯಲ್ಲವೇ, ಅವಳ ಕೆಲಸ ಅದು. ಹಿಂದಿನವರು ನಮ್ಮನ್ನು ದಾಟಿ ಮುಂದೆ ಹೋಗತೊಡಗಿದರು.

ಅಕ್ಕ ಸುಮ್ಮನಿರು ಎಂಬಂತೆ ನನ್ನ ಮುಂದೆ ಕೈ ಅಡ್ಡ ಹಿಡಿದಳು. ಅಲ್ಲೇ ಗೋಡೆಯ ಕಡೆ ತಿರುಗಿ ಕರಡಿಗೆ ತೆರೆದು, ಲಿಂಗವನ್ನು ತೆಗೆದು ಎಡಗೈಯ ಅಂಗೈ ಮೇಲೆ ಇಟ್ಟುಕೊಂಡಳು. ಬರಿದಾದ ಕರಡಿಗೆಯನ್ನು ದಾರದ ಸಮೇತ ಟ್ರೇಗೆ ಹಾಕಿದಳು. ಆಮೇಲೆ ಅಂಗೈಯನ್ನು ಎದೆಯ ಎತ್ತರಕ್ಕೆ ಹಿಡಿದು, ಮನೆಯಲ್ಲಿ ಪೂಜೆಗೆ ಕೂತಾಗ ನೋಡುವಂತೆ ಅದನ್ನೇ ನೋಡುತ್ತ, ತಪಾಸಣೆಯ ಚೌಕಟ್ಟಿನೊಳಗಿಂದ ನಡೆದು ಆಚೆ ಹೋದಳು. ಲಿಂಗ ಕಲ್ಲಿನದು, ಯಂತ್ರ ಸದ್ದು ಮಾಡಲಿಲ್ಲ. ಹುಡುಗಿ ಹತ್ತಿರ ಬಂದು ಬಗ್ಗಿ ನೋಡಿದಳು. ಬಟ್ಟೆಯ ಸಣ್ಣ ಪಟ್ಟಿಯೊಂದನ್ನು ತೆಗೆದುಕೊಂಡು ಲಿಂಗಕ್ಕೆ ತಾಕದಂತೆ ಅದರ ಸುತ್ತ ಅಂಗೈಯನ್ನು ಮೆಲ್ಲಗೆ ಒರೆಸಿ, ಸ್ಫೋಟಕದ ಪುಡಿ ಇದೆಯೇ ಎಂದು ಯಂತ್ರಕ್ಕೆ ಹಾಕಿ ನೋಡಿ, ಹೋಗಿ ಎಂದು ಸನ್ನೆ ಮಾಡಿದಳು.

ಅಂಗೈಯೂ ಮೈಯೇ. ದಿನಾ ಅವಳು ಅಲ್ಲೇ ಇಟ್ಟುಕೊಳ್ಳುತ್ತಾಳೆ. ಅಷ್ಟು ದಿನ ಒದ್ದಾಡಿದ ನನಗೆ ಇದು ಹೊಳೆದಿರಲಿಲ್ಲ. ಅರಿಸಿನದವರ ಹೆಂಡತಿಗೆ ನಾನು ಗೇಟಿನ ಹತ್ತಿರವೇ ನಿಂತು ಹೇಳಿದ್ದು ಇದನ್ನೇ: ಬೆಳ್ಳಿ ಕರಡಿಗೆ ಬೇಡ, ಬಟ್ಟೆಯಲ್ಲಿ ಕಟ್ಟಿಕೊಳ್ಳಿ, ಆದರೂ ತೆಗೆಯಿರಿ ಎಂದರೆ ಅಂಗೈ ಮೇಲೆ ಇಟ್ಟುಕೊಂಡು ಕೇಳಿ ನೋಡಿ. ಎಲ್ಲ ಕಡೆ ಒಪ್ಪುತ್ತಾರೆಂದು ನಾನು ಹೇಳಲಾರೆ. ಆಕೆ ಸಮಾಧಾನವಾದವರಂತೆ ಹೋದರು. ಲಿಸ್ಬನ್‌ನಲ್ಲಿ ಆಮೇಲೆ ನಡೆದದ್ದನ್ನು ಆಕೆಗೆ ಹೇಳಲಿಲ್ಲ.

ತಪಾಸಣೆಯ ಆಚೆ ಬೆಂಚಿತ್ತು. ಅಕ್ಕ ಕೂತು ಲಿಂಗವನ್ನು ಕರಡಿಗೆಗೆ ಇಟ್ಟು, ಕೊರಳಿಗೆ ದಾರ ಕಟ್ಟಿಕೊಳ್ಳಲು ಹೋದಳು. ಆಗಲಿಲ್ಲ. ಗಂಟು ಹಾಕಹೋದಾಗಲೆಲ್ಲ ದಾರದ ತುದಿ ಕೈಯಿಂದ ಜಾರಿತು. ಸಕ್ಕರೆ ಇಳಿದಿದೆ ಎಂದು ನಾನು ಬ್ಯಾಗಿನಲ್ಲಿ ಬಿಸ್ಕತ್ತು ಹುಡುಕಿದರೆ, ಅದಲ್ಲ ಎಂದು ತಲೆಯಾಡಿಸಿದಳು.

"ಭಯ ಕಣಮ್ಮಿ. ಬಂದಾಗಿಂದ್ಲೂ ಇತ್ತು. ನಾನೂ ಎದ್ರುಕಂಡಿದ್ದೀನಿ ಅಂತ ಗೊತ್ತಾಗಿದ್ರೆ ನೀನು ಒಂದ್ ಜಾಗಾನೂ ನೋಡ್ತಿರಲಿಲ್ಲ."

ನಾನು ಅವಳ ಹಿಂದೆ ನಿಂತು ದಾರದ ತುದಿಗಳನ್ನು ಕೈಗೆ ತೆಗೆದುಕೊಂಡೆ. ತೆಗೆದು ಟ್ರೇಗೆ ಹಾಕಲೇಬೇಕು ಎಂದಿದ್ದರೆ ಏನು ಮಾಡುತ್ತಿದ್ದೆ ಅಕ್ಕ ಎಂದು ಕೇಳಿದೆ.

"ಹಾಕ್ಬುಡ್ತಿದ್ದೆ. ಹಾಕ್ಬುಟ್ಟು, ಪ್ಲೇನಲ್ಲಿ ನೀನ್ ಕೊಟ್ಟದ್ದ ತಿಂತಿದ್ದೆ. ನಾನು ಉಪಾಸ ಕುಂತಿದ್ರೆ ಊರ್ ತಲ್ಪೋಗಂಟ ನಿನ್ ಜೀವ ನಿಲ್ತಿತ್ತಾ?"

ಅವಳ ಕೊರಳ ಹಿಂದೆ ಗಂಟು ಹಾಕುವುದು ನನ್ನ ಕೈಯಲ್ಲೂ ಆಗಲಿಲ್ಲ. ಕಣ್ಣು ಒರೆಸಿಕೊಂಡು ಮತ್ತೆ ಕಟ್ಟಿದೆ.