ನಾನು ಪುಸ್ತಕ ಒರೆಸಿದ್ದು

ಆಗ ನನಗೆ ನಲವತ್ತು. ಮೂವತ್ತು ವರ್ಷದ ಹಿಂದಿನ ಮಾತು. ಮೊನ್ನೆ ಮೊಮ್ಮಗಳು ಕಾಲೇಜಿನ ಗ್ರಂಥಾಲಯದಿಂದ ಹಳೆಯ ಪುಸ್ತಕವೊಂದನ್ನು ತಂದಳು. ತೆರೆದು ಮೂಗಿಗೆ ಹಿಡಿದೆ, ಸೀನು ಬಂತು. ಅಕ್ಷರ ಕೂಡಿಸಿ ಕೂಡಿಸಿ ಓದುವ ನನ್ನಂಥವಳಿಗೆ ಪುಸ್ತಕದ ಗುರುತು ಮೂಗಿನಿಂದಲೇ ಸಿಗಬೇಕು ನೋಡಿ.

ಬ್ಯಾಡಗಿಯಲ್ಲಿ ಆ ಗ್ರಂಥಾಲಯ ಮೊದಲು ಇದ್ದದ್ದು ಬಾಡಿಗೆಯ ಮೆಣಸಿನಕಾಯಿ ಗೋದಾಮಿನಲ್ಲಿ. ಚೀಲ ಹೋದರೂ ಘಾಟು ಹೋಗಿರಲಿಲ್ಲ. ಹುಡುಗಿಯರು ಓದುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಕಥೆಗಳೆಲ್ಲ ಬಹಳ ದುಃಖದವು ಎಂದು ಕಸ ಗುಡಿಸುತ್ತಿದ್ದ ನಾನು ಎಷ್ಟೋ ದಿನ ನಂಬಿದ್ದೆ. ಆಮೇಲೆ ಅದು ಕಾಲೇಜಿನ ಹಿಂದಿನ ಎರಡು ಕೋಣೆಗೆ ಬಂತು. ಈಗ ಹೊಸ ಕಟ್ಟಡದ ಮಹಡಿ ಏರಿದೆ. ನನ್ನ ಮೊಣಕಾಲು ಏರುವುದಿಲ್ಲ.

ಗೋದಾಮು ಬಿಡುವಾಗ, ರಾಣೆಬೆನ್ನೂರಿನಿಂದ ಬಸ್ಸಿಗೆ ಬರುತ್ತಿದ್ದ ಗ್ರಂಥಪಾಲಕ ಸರ್, ಹೊಸ ಕೋಣೆಗೆ ಘಾಟು ಬರಬಾರದು, ಚಲೋ ಕೆಲಸ ಮಾಡಿದರೆ ಕಾಯಂ ಮಾಡಿಸುತ್ತೇನೆ ಎಂದರು. ಕಾಯಂ ಎಂದ ಮೇಲೆ ಕೇಳಬೇಕೆ? ಎರಡು ದಿನ ಒಂದೊಂದೇ ಪುಸ್ತಕದ ಬೆನ್ನನ್ನು ಒದ್ದೆ ಬಟ್ಟೆಯಿಂದ ತಿಕ್ಕಿದೆ. ಬೆನ್ನಿಗೆ ಅಂಟಿದ್ದ ಕಾಗದದ ಚೂರುಗಳು ನೆನೆದು ಎದ್ದವು. ಗಲೀಜೆಂದು ಉಳಿದವನ್ನೂ ಉಗುರಿನಿಂದ ಕೆರೆದೆ.

ಸರ್ ಬಂದು ನೋಡಿ ನೆಲದ ಮೇಲೇ ಕುಳಿತರು.

"ಗೌರವ್ವಾ, ಚೀಟಿ ಎಲ್ಲಿ?"

"ಒಲಿಗೆ ಹಾಕೇನ್ರಿ."

"ಅವು ಪುಸ್ತಕದ ಮನಿ ನಂಬರ್ ಇದ್ದಂಗವ್ವಾ. ಇನ್ನ ಯಾವ್ದನ್ನ ಎಲ್ಲಿ ಇಡ್ಲಿ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದು, ಪುಸ್ತಕಗಳೇಕೆ ಬೋಳಾಗಿವೆ ಎಂದು ಕೇಳಿದರು. ಕಾಯಂ ಹಾಗಿರಲಿ, ಇದ್ದ ಕೆಲಸವೂ ಹೋಯಿತೆಂದು ಒದ್ದೆ ಬಟ್ಟೆ ಹಿಡಿದು ನಿಂತೆ.

"ಚೀಟಿ ಹಳೇವಾಗಿದ್ವು. ನಾನ ತಗಿಸೇನ್ರಿ ಸರ್," ಎಂದರು ನಮ್ಮ ಸರ್, ನನ್ನ ಕಡೆ ನೋಡದೆ.

ನಂಬರು ಒಳಪುಟದಲ್ಲೂ ಇದ್ದದ್ದು ನನ್ನ ಪುಣ್ಯ. ರಜೆಯೆಲ್ಲ ಸರ್ ನೋಡಿ ನೋಡಿ ಹೊಸ ಚೀಟಿ ಬರೆದರು, ನಾನು ಮೈದಾ ಕುದಿಸಿ ಅಂಟಿಸಿದೆ. ಎಲ್ಲ ಇಂಗ್ಲಿಷ್ ಅಂಕಿ. ಯಾವುದು ತಲೆ, ಯಾವುದು ಕಾಲು, ನನಗೇನು ಗೊತ್ತು? ಆದರೂ ಕಾಯಂ ಆದೆ.

ಮೊನ್ನೆ ಮೊಮ್ಮಗಳು ಪುಸ್ತಕದ ಬೆನ್ನು ತೋರಿಸಿ ನಕ್ಕಳು. "ಆಯಿ, ಇದನ್ನ ಯಾವ ಮಂಗ್ಯಾ ಉಲ್ಟಾ ಅಂಟಿಸ್ಯಾನ?"

"ಮಂಗ್ಯಾ ಅಲ್ಲ, ನಿಮ್ಮಾಯಿ," ಎಂದೆ.

ಚೀಟಿಯ ಒಂದು ಮೂಲೆ ಎದ್ದಿತ್ತು. ಮರುದಿನ ಬೆಳಿಗ್ಗೆ ಒಂದು ಚಮಚ ಮೈದಾ ಕುದಿಸಿ, ಆ ಮೂಲೆಗೆ ಹಚ್ಚಿ, ಹೆಬ್ಬೆರಳಿನಿಂದ ಒತ್ತಿದೆ. ಉಲ್ಟಾ ಇದ್ದದ್ದನ್ನು ಉಲ್ಟಾ ಇದ್ದಂತೆಯೇ.