ಹನ್ನೊಂದನೆಯ ಮೊಳೆ

ವಾಮದಪದವಿನಿಂದ ಸ್ವಲ್ಪ ಒಳಗಿರುವ ಒಂದು ಶಾಲೆಯಲ್ಲಿ ನಾನು ಆರು ವರ್ಷ ಚಿತ್ರಕಲೆ ಕಲಿಸಿದೆ. ನನ್ನ ಹುದ್ದೆಗೆ ಗೌರವ ಶಿಕ್ಷಕಿ ಎಂದು ಹೆಸರು. ವರ್ಷವರ್ಷವೂ ಕಮಿಟಿಯವರು ಮನಸ್ಸು ಮಾಡಿದರೆ ಮಾತ್ರ ಮುಂದುವರಿಯುವ ಗೌರವ. ಸ್ಟಾಫ್ ರೂಮಿನ ಗೋಡೆಯಲ್ಲಿ ಒಂದು ಹಲಗೆ, ಹಲಗೆಯಲ್ಲಿ ಹತ್ತು ಮೊಳೆ. ಖಾಯಂ ಶಿಕ್ಷಕರು ಹತ್ತು ಮಂದಿ, ಅವರವರ ಕಪ್ ಅವರವರ ಮೊಳೆಯಲ್ಲಿ ತೂಗುತ್ತಿತ್ತು. ನನಗೆ ಚಹಾ ಬರುತ್ತಿದ್ದದ್ದು ನೆಂಟರಿಗೆಂದು ಇಟ್ಟ ಸ್ಟೀಲ್ ಲೋಟದಲ್ಲಿ. ಆರು ವರ್ಷದ ನೆಂಟಸ್ತಿಕೆ! ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ. ಯಾರಿಗೂ ಅದು ಹೊಳೆಯಲೇ ಇಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಕಳೆದ ಶಿಕ್ಷಕರ ದಿನಾಚರಣೆಗೆ ಎಲ್ಲರಿಗೂ ಚಿತ್ರದ ಕಪ್ ಮಾಡಿಸಿ ಕೊಡುವ ಹುಚ್ಚು ಹಿಡಿಯಿತು. ಹುಚ್ಚು ಅಂತ ಈಗ ಹೇಳುತ್ತೇನೆ. ಆಗ ಅದರ ಹಿಂದೆ ಲೆಕ್ಕಾಚಾರವೇ ಇತ್ತು: ಹತ್ತು ಕಪ್ಪಿನ ಜೊತೆ ನನ್ನದೂ ಒಂದು ಹಲಗೆಗೆ ಏರಿದರೆ ನಾನೂ ಆ ಶಾಲೆಯವಳಾಗುತ್ತೇನೆ.

ಬಿಸಿಲಲ್ಲೂ ಕೊಡೆ ಮಡಚದ ಗಣಿತದ ಮಾಸ್ಟ್ರನ್ನು ಬಿಡಿಸಿದೆ. ತಲೆಯ ಮೇಲೆ ಕನ್ನಡಕ ಇಟ್ಟುಕೊಂಡು ಮೇಜಿನಡಿಯಲ್ಲಿ ಹುಡುಕುವ ಹೆಡ್ ಮೇಡಂ, ದುಬೈಯಲ್ಲಿರುವ ಗಂಡನ ಫೋನ್ ಬಂದ ಕೂಡಲೇ ಕಿಟಕಿಯ ಹತ್ತಿರ ಓಡುವ ವಿಜ್ಞಾನದ ಟೀಚರ್, ಎಲ್ಲರೂ ಬಂದರು. ಮೂಡಬಿದ್ರೆಯ ಸ್ಟುಡಿಯೋದಲ್ಲಿ ಮೊದಲ ಕಪ್ ಅಚ್ಚಾದಾಗ ಮಾಸ್ಟ್ರ ಕೊಡೆ ಕಪ್ಪಿನ ಹಿಡಿಯ ಎರಡು ಬದಿಗೆ ತುಂಡಾಗಿ ಕೂತಿತ್ತು. ಹಿಡಿಗೆ ಜಾಗ ಬಿಟ್ಟು ಹನ್ನೊಂದನ್ನೂ ಹೊಸದಾಗಿ ಬರೆದೆ. ನನ್ನದರಲ್ಲಿ ನಾನು ಬೆನ್ನು ಹಾಕಿ ನಿಂತು, ಸ್ಟೀಲ್ ಲೋಟ ಹಿಡಿದು, ಆ ಹಲಗೆಯನ್ನು ನೋಡುತ್ತಿದ್ದೆ.

ಕಪ್ ಹಂಚಿದ ದಿನ ಎಲ್ಲರೂ ಬಿದ್ದು ಬಿದ್ದು ನಕ್ಕರು, ಫೋಟೋ ತೆಗೆದು ಸ್ಟೇಟಸ್ ಹಾಕಿದರು. ನನ್ನ ಕಪ್ ನೋಡಿ ವಿಜ್ಞಾನದ ಟೀಚರ್, "ನಿಮ್ಮ ಮುಖ ಎಲ್ಲುಂಟು ಮಾರಾಯ್ತಿ?" ಎಂದರು. ಅಷ್ಟೇ. ಮರುದಿನ ಮನೆಯಿಂದ ಮೊಳೆ ತಂದು, ಹಲಗೆಯ ತುದಿಯಲ್ಲಿ ಕಲ್ಲಿನಿಂದ ನಾನೇ ಹೊಡೆದೆ. ಏಳು ತಿಂಗಳು ನನ್ನ ಕಪ್ಪಿನಲ್ಲೇ ಚಹಾ ಕುಡಿದೆ. ಆ ಖುಷಿಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಏಪ್ರಿಲ್‌ನಲ್ಲಿ, ಶಾಲೆಯ ಕೊನೆಯ ದಿನ ಹೆಡ್ ಮೇಡಂ ಕರೆದರು. "ಬೇಜಾರು ಮಾಡಬೇಡಿ ಟೀಚರ್. ಬರುವ ವರ್ಷ ಡ್ರಾಯಿಂಗಿಗೆ ಜನ ಬೇಡಾಂತ ಕಮಿಟಿಯವರು ಹೇಳಿದ್ದಾರೆ. ನಾನೆಂತ ಮಾಡ್ಲಿಕ್ಕುಂಟು?"

ನಾನು ತಲೆಯಾಡಿಸಿದೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಸಣ್ಣದೊಂದು ಬೀಳ್ಕೊಡುಗೆ ಇಟ್ಟರು. ಗೋಳಿಬಜೆ, ಚಹಾ, ಎರಡು ಮಾತು. "ಟೀಚರ್ ನಮಗೆಲ್ಲ ಕಪ್ ಕೊಟ್ಟವರು, ಅವರನ್ನು ಬರಿಗೈಯಲ್ಲಿ ಕಳಿಸಲಿಕ್ಕೆ ಆಗ್ತದಾ?" ಎಂದು ಮೇಡಂ ಬಣ್ಣದ ಕಾಗದ ಸುತ್ತಿದ ಒಂದು ಪೊಟ್ಟಣ ಕೈಗಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿಚ್ಚುವ ಮೊದಲೇ ಕೈಗೆ ಅದರ ಗುರುತು ಹತ್ತಿತು.

ಅದು ನನ್ನದೇ ಕಪ್. ತಳದಲ್ಲಿ ಬೆಳಗ್ಗೆ ಕುಡಿದ ಚಹಾದ ಕಲೆ ಇನ್ನೂ ಇತ್ತು.

"ನಿಮ್ಮದೇ ಚಿತ್ರ ಅಲ್ವಾ, ನೆನಪಿಗೆ ಇರಲಿ" ಎಂದರು ಮೇಡಂ. ಅವರ ಮುಖದಲ್ಲಿ ಕಿಂಚಿತ್ತೂ ಕಪಟ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಜಗಳವಾದರೂ ಆಡಬಹುದಿತ್ತು.

ನಾನು ಹಲಗೆಯತ್ತ ನೋಡಿದೆ. ನನ್ನ ಮೊಳೆಗೆ ಯಾರೋ ಆಗಲೇ ಲ್ಯಾಬಿನ ಬೀಗದ ಕೈ ತೂಗುಹಾಕಿದ್ದರು.

"ಆ ಮೊಳೆಯೂ ನನ್ನದೇ" ಎಂದೆ. "ಕಿತ್ತುಕೊಂಡು ಹೋಗ್ಲಾ?"

ಇಡೀ ಸ್ಟಾಫ್ ರೂಮ್ ಘೊಳ್ಳೆಂದು ನಕ್ಕಿತು. ಗಣಿತದ ಮಾಸ್ಟ್ರು ಕಣ್ಣೊರೆಸಿಕೊಂಡು, ಈ ಟೀಚರ್ ಹೋದರೆ ಇನ್ನು ನಮ್ಮನ್ನು ನಗಿಸುವವರು ಯಾರು ಎಂದರು. ನಾನು ತಮಾಷೆ ಮಾಡಿರಲಿಲ್ಲ.