ಶಿಸ್ತಿನಜ್ಜಿಯ ಚಹಾ ಪಾಠ

“ಬೆನ್ನು ನೆಟ್ಟಗಿರಲಿ. ಚಮಚ ಸದ್ದು ಮಾಡ್ಬಾರ್ದು. ಇನ್ನೊಂದು ಕೇಕ್ ಕೊಡ್ಲಾ ಅಂತ ಕೇಳಿದ್ರೆ ಏನನ್ಬೇಕು? ಹೊಟ್ಟೆ ತುಂಬಿದೆ ಅನ್ಬೇಕು. ತುಂಬಿಲ್ದಿದ್ರೂ ತುಂಬಿದೆ. ತಟ್ಟೆ ನೋಡ್ತಾ ಅಲ್ಲ, ಅವರ ಮುಖ ನೋಡ್ತಾ ಹೇಳ್ಬೇಕು!” ನಾನು ಕಪ್ಪು ಬಸಿ ತೊಳೆಯುವ ಹೋಟೆಲಿಗೆ ಪ್ರತಿ ಗುರುವಾರ ಮಧ್ಯಾಹ್ನ ಇಬ್ಬರು ಮೊಮ್ಮಕ್ಕಳನ್ನು ಚಹಾಕ್ಕೆ ಕರೆತರುವ ಶಿಸ್ತಿನಜ್ಜಿಯ ಪಾಠವಿದು. ದೊಡ್ಡವಳಿಗೆ ಆರು ವರ್ಷ, ಚಿಕ್ಕವಳಿಗೆ ನಾಲ್ಕು. ಸೀನಬೇಕಾದರೂ ಅಪ್ಪಣೆ ಬೇಕು. ಒಂದು ಚೂರು ಕೆಳಗೆ ಬಿದ್ದರೆ ಅಜ್ಜಿಯ ಹುಬ್ಬು ಹಣೆ ದಾಟಿ ಬೈತಲೆ ಸೇರುತ್ತದೆ. ಆಕೆಯನ್ನು ಕಂಡರೆ ಕುರ್ಚಿಯೂ ನೆಟ್ಟಗಾಗುತ್ತದೆಂದು ಸಪ್ಲೈಯರ್ ನಗುತ್ತಾನೆ. ತಡೆಯಲಾರದೆ ನಾನೂ ಒಮ್ಮೆ, “ತಿನ್ಲಿ ಬಿಡಿ ಅಕ್ಕಾ, ಸೈನ್ಯಕ್ಕೆ ಸೇರಿಸ್ತೀರಾ?” ಎಂದೆ. ಆಕೆ ದನಿ ತಗ್ಗಿಸಿ, “ಸೈನ್ಯಕ್ಕಲ್ಲಮ್ಮ, ಚಿಕ್ಕಪ್ಪನ ಮನೆಗೆ. ಇವರ ಅಪ್ಪ ಅಮ್ಮ ಇಲ್ಲ. ನನಗೂ ಇನ್ನು ಮೂರು ತಿಂಗಳು ಅಂದಿದಾರೆ ಡಾಕ್ಟರು. ಅಲ್ಲಿ ಇವರು ಯಾರಿಗೂ ಭಾರ ಅನ್ನಿಸ್ಬಾರ್ದು,” ಎಂದರು. ಅಷ್ಟರಲ್ಲಿ ಚಿಕ್ಕವಳು ಕುರ್ಚಿಯಿಂದ ಜಾರಿ ಇಳಿದು, ತನ್ನ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ತೊಟ್ಟಿಯ ಬಳಿ ಬಂದಳು. “ಇನ್ನೊಂದು ಕೇಕ್ ಕೊಡ್ಲಾ, ಪುಟ್ಟಿ?” ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ, “ಹೊಟ್ಟೆ ತುಂಬಿದೆ,” ಎಂದಳು. ಹನಿಯೂ ಉಳಿದಿರದ ಆ ಕಪ್ಪನ್ನು ತೆಗೆದುಕೊಂಡು, ತೊಳೆದು, ಬೋರಲು ಹಾಕಿದೆ.